ಮಾರೆವ್ವ ಕಿತ್ತಿಟ್ಟ ಹೊಸ್ತಿಲು

ಮಾರೆವ್ವ ಬಾಳೇವು ಮಾಡಿದ ಮನೆಗಳು ಹದಿಮೂರು. ಒಂದಕ್ಕೂ ಬಾಗಿಲಿರಲಿಲ್ಲ. ಬಾಗಿಲು ಕೂರಿಸುವ ದಿನವೆಂದರೆ ಅವಳ ಗಂಟುಮೂಟೆ ಹೊರಬೀಳುವ ದಿನ. ಗೋಡೆ ಕಟ್ಟುವ ಗೌಂಡಿಗಳ ಬದುಕೇ ಹಾಗೆ. ಕಟ್ಟುತ್ತಿರುವ ಮನೆಯ ಒಂದು ಮೂಲೆಯಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಬೇಕು, ಸಿಮೆಂಟಿನ ಚೀಲ ಕಳುವಾಗದಂತೆ ಕಾಯಬೇಕು, ಮುಂಜಾನೆ ಸಂಜೆ ಗೋಡೆಗೆ ನೀರುಣಿಸಬೇಕು. ಮೇಲೆ ಮಾಳಿಗೆ ಮುಚ್ಚಿ, ಇನ್ನೇನು ಬಿಸಿಲು ಮಳೆಯ ಕಾಟ ತಪ್ಪಿತು ಅನ್ನುವಷ್ಟರಲ್ಲಿ ಮಾಲೀಕ ಬಂದು, "ನಾಡಿದ್ದ ಗೃಹಪ್ರವೇಶ ಐತಿ. ಒಲಿ ಮಸಿ ತಿಕ್ಕಿ, ಸುಣ್ಣ ಬಳದು ಜಾಗಾ ಖಾಲಿ ಮಾಡ್ರಿ" ಅನ್ನುತ್ತಾನೆ. ತಾನು ಇದ್ದ ಗುರುತನ್ನು ತಾನೇ ಸುಣ್ಣ ಬಳಿದು ಅಳಿಸಿ ಹೊರಡುವ ಕೆಲಸವನ್ನು ಮಾರೆವ್ವ ಹದಿಮೂರು ಸಲ ಮಾಡಿದಳು.

ಅಳವಂಡಿ ಕಡೆಯ ಎರೆಹೊಲದ ಹಳ್ಳಿಯೊಂದರಿಂದ ಹನ್ನೆರಡರ ವಯಸ್ಸಿಗೆ ಅವ್ವನ ಸೆರಗು ಹಿಡಿದು ಬಂದವಳು. ಆಗ ಎಡದಂಡೆ ಕಾಲುವೆ ತೋಡುತ್ತಿದ್ದರು. ಮಣ್ಣು ಹೊತ್ತಳು, ಕಲ್ಲು ಹೊತ್ತಳು. ಕಾಲುವೆಗೆ ನೀರು ಬಂತು. ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿ, ಗಿರಣಿಗಳ ಹಿಂದೆ ಸಿಮೆಂಟಿನ ಮನೆಗಳು. ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯ ಹಿರೇಗಡ್ಡಿ, ನೂರು ಮನೆಯ ಹಳ್ಳಿ, ಹದಿನೈದು ವರ್ಷದಲ್ಲಿ ಟೌನ್ ಪಂಚಾಯ್ತಿ ಆಗಿ ಕೂತಿತು. ಆ ಊರು ಬೆಳೆದದ್ದು ಮಾರೆವ್ವನಂಥವರ ನೆತ್ತಿಯ ಮೇಲೆ. ಇದು ಭಾಷಣದ ಮಾತಲ್ಲ. ಗಾರೆಯ ಬುಟ್ಟಿ ಹೊತ್ತು ಹೊತ್ತು ಅವಳ ನೆತ್ತಿಯಲ್ಲಿ ಅಂಗೈ ಅಗಲ ಕೂದಲು ಉದುರಿ ಬೋಳಾಗಿತ್ತು. ಸೆರಗು ಜಾರಿದರೆ ಕಾಣುತ್ತಿತ್ತು.

ಗಂಡ ಬಾಲಪ್ಪ ಗೌಂಡಿ. ಕೈಯಲ್ಲಿ ಕಸುಬಿತ್ತು, ಬಾಯಲ್ಲಿ ಕೊಬ್ಬಿತ್ತು. ದಾರಕ್ಕೆ ಗುಂಡು ಕಟ್ಟಿ ಗೋಡೆ ನೆಟ್ಟಗಿದೆಯೇ ಎಂದು ನೋಡುತ್ತಾರಲ್ಲ, ಆ ಒಳಂಬಿ ಹಿಡಿಯುವ ಮೊದಲೇ ಕಣ್ಣಳತೆಯಲ್ಲಿ ಗೋಡೆಯ ಓರೆಯನ್ನು ಹೇಳುತ್ತಿದ್ದ. ಅಕ್ಷರ ಮಾತ್ರ ಬರುತ್ತಿರಲಿಲ್ಲ. ಹಳೆಯ ವಾಡೆಯೊಂದನ್ನು ಕೆಡವುವಾಗ ಅದರ ಧಣಿಯನ್ನು ಕಾಡಿ ಬೇಡಿ ಒಂದು ತೇಗದ ಚೌಕಟ್ಟನ್ನು, ಹೊಸ್ತಿಲ ಸಮೇತ, ಹೊತ್ತು ತಂದಿದ್ದ. ಒಂಬತ್ತು ವರ್ಷ ಆ ಚೌಕಟ್ಟು ಅವರ ಜೊತೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಿರುಗಿತು. ಜನ ನಗುತ್ತಿದ್ದರು. "ಏನೋ ಬಾಲಪ್ಪಾ, ಬಾಗಲಾ ತಂದೀದಿ, ಮನಿ ಎಲ್ಲಿ ಮರತ ಬಂದಿ?"

ನಗೆ ಉರಿಯಾದದ್ದು ಮಗಳು ಹಂಪವ್ವನ ಮದುವೆಯಲ್ಲಿ. ಕುಷ್ಟಗಿ ಕಡೆಯ ಬೀಗರು ಬಂದು ಹುಡುಗಿ ಒಪ್ಪಿ, "ಹಂದರ ಎಲ್ಲಿ ಹಾಕತೀರಿ?" ಎಂದು ಕೇಳಿದರು. ಆಗ ಇವರು ಇದ್ದದ್ದು ಅಕ್ಕಿ ಗಿರಣಿಯ ಕರಿಬಸಪ್ಪ ಕಟ್ಟಿಸುತ್ತಿದ್ದ ಗೋದಾಮಿನಲ್ಲಿ. ಮಾರೆವ್ವ ಹೋಗಿ ಕೇಳಿದಳು. ಕರಿಬಸಪ್ಪ ಸಿಟ್ಟು ಮಾಡಲಿಲ್ಲ, ನಕ್ಕ. "ನನ್ನ ಗೋದಾಮಿನಾಗ ಮೊದಲ ಲಕ್ಷ್ಮೀ ಬರಬೇಕವಾ. ನಿಮ್ಮ ಬೀಗರ ಬಂದ್ರ ಹೆಂಗ?" ಮದುವೆ ಹನುಮಪ್ಪನ ಗುಡಿಯ ಬಯಲಿನಲ್ಲಿ ಆಯಿತು. ಅವತ್ತು ಮಾರೆವ್ವ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಆದರೆ ಅವತ್ತಿನಿಂದ ಅವಳ ತಲೆಯಲ್ಲಿ ಒಂದೇ ಹುಳ: ಒಂದು ಮನೆ ಬೇಕು, ಯಾರೂ ಎಬ್ಬಿಸಲಾಗದ ಮನೆ.

ಎಪ್ಪತ್ತಾರನೇ ಇಸವಿಯ ಅಕ್ಟೋಬರಿನಲ್ಲಿ ಜಾಗ ಸಿಕ್ಕಿತು. ಯಾರೂ ಕರೆದು ಕೊಡಲಿಲ್ಲ. ಕಾಲುವೆ ದಂಡೆಯ ಗುಡಿಸಲುಗಳನ್ನು ಕಿತ್ತೆಸೆದಾಗ ಹಮಾಲರು, ಗಾರೆ ಕೆಲಸದವರು, ಸಸಿ ಹಚ್ಚುವ ಹೆಂಗಸರು ಪಂಚಾಯ್ತಿ ಕಚೇರಿಯ ಮೆಟ್ಟಿಲ ಮೇಲೆ ಮೂರು ದಿನ ಕೂತರು. ಮಾರೆವ್ವ ಮೊದಲನೆಯ ಮೆಟ್ಟಿಲಲ್ಲೇ ಇದ್ದಳು. ಪೊಲೀಸನೊಬ್ಬ ಲಾಠಿ ತೋರಿಸಿ "ಏಳ್ತೀಯಿಲ್ಲೋ" ಅಂದಾಗ, "ಈ ಮೆಟ್ಟಲಾ ಹಾಕುವಾಗ ಗಾರಿ ಹೊತ್ತಾಕಿ ನಾನ. ನೀ ಆಗ ಎಲ್ಲಿದ್ದಿ?" ಎಂದು ಕೇಳಿದ್ದಳು. ಕೊನೆಗೆ ಊರ ಹೊರಗೆ ಇಪ್ಪತ್ತಕ್ಕೆ ಮೂವತ್ತು ಫೂಟಿನ ತುಂಡುಗಳನ್ನು ಹಂಚಿದರು. ಬಾಲಪ್ಪನ ಹೆಸರಿಗೆ ಹಕ್ಕುಪತ್ರ ಬಂತು. ಅದರ ಕೆಳಗೆ ಒಂದು ಸಾಲಿತ್ತು: ಎರಡು ವರ್ಷದೊಳಗೆ ಪಂಚಾಯ್ತಿಯ ಒಪ್ಪಿಗೆ ಪಡೆದು ಗೋಡೆ ಎಬ್ಬಿಸದಿದ್ದರೆ ಜಾಗ ವಾಪಸು.

ಆ ಸಾಲನ್ನು ಓದಿ ಹೇಳಿದವನು ನಜೀರಸಾಬ. ಡ್ಯಾಮಿನ ಕೆಲಸದಲ್ಲಿ ನಕಾಶೆ ಎಳೆಯುತ್ತಿದ್ದು, ಅದು ಮುಗಿದ ಮೇಲೆ ಪಂಚಾಯ್ತಿ ಮುಂದಿನ ಬೇವಿನ ಗಿಡದ ಕೆಳಗೆ ಮೇಜು ಹಾಕಿಕೊಂಡವನು. ಊರಿನ ಮನೆಗಳೆಲ್ಲ ಮೊದಲು ಅವನ ಮೇಜಿನ ಮೇಲೆ ಹುಟ್ಟುತ್ತಿದ್ದವು. ಅಷ್ಟೂ ಮನೆಗಳಿಗೆ ಅವನ ಹತ್ತಿರ ಇದ್ದದ್ದು ನಾಕೇ ನಕಾಶೆ. ಹೆಸರು ಅಳಿಸಿ ಹೆಸರು ಬರೆಯುತ್ತಿದ್ದ. ಎಪ್ಪತ್ತೆಂಟರ ಸಂಕ್ರಾಂತಿ ಮುಗಿದ ಮೇಲೆ ಮಾರೆವ್ವ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಮುಂದ ಐದು ಫೂಟ್ ಬಿಡಬೇಕು ತಂಗಿ," ನಜೀರಸಾಬ ಪೆನ್ಸಿಲಿನಿಂದ ತೋರಿಸಿದ. "ಹಿಂದ ಮೂರು, ಬಾಜೂಕ ಮೂರು."

"ಯಾರಿಗೆ ಬಿಡಬೇಕಣ್ಣಾ?"

"ಗಾಳಿಗೆ. ಬೆಳಕಿಗೆ. ಕಾಯ್ದೆ ಐತಿ."

"ಜಾಗಾ ಗಾಳಿಗೆ ಕೊಟ್ಟಾರೋ, ನಮಗ ಕೊಟ್ಟಾರೋ?"

"ನನ್ನ ಕೇಳಬ್ಯಾಡ. ನಾ ಗೆರಿ ಎಳಿಯಾಂವ." ಅವನು ಎರಡು ಕಿಟಕಿಗಳನ್ನೂ ಬಿಡಿಸಿದ.

"ಕಿಟಕಿ ಯಾಕ? ಮಾಳಿಗ್ಯಾಗ ಬೆಳಕಿಂಡಿ ಬಿಟ್ರ ಸಾಕಲ್ಲ."

"ಕಿಟಕಿ ಇಲ್ಲದ ನಕಾಶಿ ಒಳಗ ಹೋಗಂಗಿಲ್ಲ. ಸುಮ್ಮನ ಕುಂದ್ರು."

ನೀಲಿ ಕಾಗದದ ಮೂರು ಪ್ರತಿ ಮಾಡಿಸಿ, ಅರ್ಜಿಗೆ ಬಾಲಪ್ಪನ ಹೆಬ್ಬೆಟ್ಟು ಒತ್ತಿಸಿ ಕಚೇರಿಗೆ ಕೊಟ್ಟರು. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ಕೇಳಿದರೆ, ಕಾಗದ ಟೇಬಲಿನ ಮೇಲಿದೆ ಅನ್ನುತ್ತಿದ್ದರು. ಯಾವ ಟೇಬಲು ಅಂತ ಹೇಳುತ್ತಿರಲಿಲ್ಲ.

ಬಾಲಪ್ಪ ಒಪ್ಪಿಗೆಗೆ ಕಾಯಲಿಲ್ಲ. ಬಸವ ಜಯಂತಿ ಬಂತು. ಮುಂದೆ ಆಷಾಢ, ಆಷಾಢದಲ್ಲಿ ಹೊಸ್ತಿಲು ಇಡುವಂತಿಲ್ಲ. ಪಂಚಾಂಗ ನೋಡುವ ಅಯ್ಯನವರು ಬಾಲಪ್ಪನ ಹೆಸರಿಗೆ ಆ ವರ್ಷ ಕೂಡಿ ಬರುವ ದಿನ ಅದೊಂದೇ ಅಂದರು. ಅವನು ಬೆಳಿಗ್ಗೆ ಎದ್ದವನೇ ಜಾಗಕ್ಕೆ ಹೋಗಿ ಸುಣ್ಣದ ಗೆರೆ ಹಾಕಿದ. ಗೆರೆ ಬಿದ್ದದ್ದು ಓಣಿಯ ಅಂಚಿಗೆ ಸರಿಯಾಗಿ.

"ಐದು ಫೂಟ್ ಬಿಡಬೇಕಂತ ನಜೀರಸಾಬಣ್ಣ ಹೇಳ್ಯಾನ," ಅಂದಳು ಮಾರೆವ್ವ.

ಬಾಲಪ್ಪ ತಂಬಾಕು ಉಗುಳಿದ. "ಏ ಮಾರಿ, ಈ ಊರಾಗ ಎಷ್ಟ ಮನಿ ಕಟ್ಟೀನಿ? ಒಂದರ ಮನಿ ಮುಂದ ಐದು ಫೂಟ್ ಬಯಲು ನೋಡೀಯೇನು? ಎಲ್ಲಾರ ನಕಾಶ್ಯಾಗೂ ಐದು ಫೂಟ್ ಇರತೈತಿ. ಕಟ್ಟೂದು ಗಟಾರದ ಮ್ಯಾಲ. ಅದು ಕಾಗದದ ಮನಿ, ಇದು ಇರೂ ಮನಿ. ಹೊಸ್ತಿಲಾ ದಾಟಿದ ಕೂಡಲೆ ಓಣಿ ಸಿಗಬೇಕು. ಮುಂದ ಬಯಲು ಬಿಟ್ರ ಅದು ಮನಿ ಅಲ್ಲ, ಗುಡಿ."

ಇಪ್ಪತ್ತು ವರ್ಷ ಮಾಲೀಕರ ಗೋಡೆ ಕಟ್ಟಿದವನು. ಮಾಲೀಕರಿಗೆ ನಡೆದದ್ದು ತನಗೂ ನಡೆಯುತ್ತದೆಂದು ತಿಳಿದ. ಗೌಂಡಿಯಲ್ಲದ ಬೇರೆ ಯಾರಾದರೂ ಹೆದರಿ ಸುಮ್ಮನಿರುತ್ತಿದ್ದರು. ಇವನಿಗೆ ಊರಿನ ಒಂದೊಂದು ಗೋಡೆಯ ಒಳಗುಟ್ಟೂ ಗೊತ್ತಿತ್ತು. ಅದೇ ಅವನಿಗೆ ಮುಳುವಾಯಿತು.

ಹೊಸ್ತಿಲ ಕೆಳಗೆ ಮುತ್ತು, ಹವಳ, ನವಧಾನ್ಯ ಹಾಕಿದರು. ಮಾರೆವ್ವ ಅರಿಷಿಣ ಕುಂಕುಮ ಹಚ್ಚಿದಳು. ಪಕ್ಕದ ಜಾಗದ ಜೈನಾಬೀ ಸಕ್ಕರೆ ಹಂಚಿದಳು. ಬಯಲಿನ ನಡುವೆ ಗೋಡೆಯಿಲ್ಲದ ಒಂದು ಚೌಕಟ್ಟು ಎದ್ದು ನಿಂತಿತು. ಬಾಲಪ್ಪ ಅದರೊಳಗೆ ಬಲಗಾಲಿಟ್ಟು ಹೋದ, ಹೊರಗೆ ಬಂದ, ಮತ್ತೆ ಹೋದ. ಐವತ್ತರ ಮುದುಕ ಹುಡುಗನಂತೆ ನಕ್ಕ. ಮಾರೆವ್ವನ ಮನಸ್ಸಿಗೆ ಮಾತ್ರ ಸಮಾಧಾನವಿರಲಿಲ್ಲ.

ಜೂನಿನಲ್ಲಿ ಪಂಚಾಯ್ತಿಯ ಓವರ್‌ಸಿಯರ್ ಅಮರಪ್ಪ ಸೈಕಲ್ಲಿನಲ್ಲಿ ಬಂದ. ಕಂಕುಳಲ್ಲಿ ನೀಲಿ ಕಾಗದ, ಕೈಯಲ್ಲಿ ಟೇಪು. ಚೌಕಟ್ಟನ್ನು ನೋಡಿ ಸೈಕಲ್ಲಿನಿಂದ ಇಳಿಯಲೇ ಇಲ್ಲ, ಒಂದು ಕಾಲು ನೆಲಕ್ಕೆ ಊರಿ ಕೇಳಿದ.

"ಒಪ್ಪಿಗಿ ಯಾರು ಕೊಟ್ರು?"

"ದೇವ್ರು ಕೊಟ್ಟಾನ್ರಿ," ಅಂದ ಬಾಲಪ್ಪ. "ನಿಮ್ಮದು ಬರತೈತೆಂತ ಕುಂತ್ರ ಆಷಾಢ ಬರತಿತ್ತು."

"ಹಂಗಾರ ದೇವ್ರ ಕಡಿಂದನ ಸಹಿ ಮಾಡಿಸಿಕೋ." ಅಮರಪ್ಪ ಕಾಗದ ಮಡಿಚಿದ. "ಒಪ್ಪಿಗಿ ಇಲ್ಲದ ಕೆಲಸ ಚಾಲೂ ಮಾಡೀರಿ, ರಸ್ತಾದ ಅಂಚಿಗೆ ಚೌಕಟ್ಟ ನಿಲ್ಲಿಸೀರಿ. ಐದು ಫೂಟ್ ಹಿಂದ ಸರಿಸ್ರಿ, ಆಮ್ಯಾಲ ನಕಾಶಿ ನೋಡೂಣು. ಇಲ್ಲಂದ್ರ ಅಕ್ಟೋಬರಕ್ಕ ಜಾಗಾನೂ ಇಲ್ಲ."

ಬಾಲಪ್ಪನ ಮುಖದ ಬಣ್ಣ ಇಳಿಯಿತು. ಪೂಜೆ ಆದ ಹೊಸ್ತಿಲನ್ನು ಕೀಳುವುದೆಂದರೆ ಏನೆಂದು ಆ ಕಡೆ ಮಂದಿಗೆ ಗೊತ್ತು. ಕಿತ್ತವನ ಮನೆಯಿಂದ ವರ್ಷದೊಳಗೆ ಹೆಣ ಹೊರಡುತ್ತದೆ ಅನ್ನುತ್ತಾರೆ. ವಾಡೆ ಕೆಡವುವಾಗಲೂ ಗೌಂಡಿಗಳು ಹೊಸ್ತಿಲನ್ನು ಮುಟ್ಟುವ ಮೊದಲು ಕಾಯಿ ಒಡೆದು, ಕೈ ಮುಗಿದು, ಪಾಪ ನಮ್ಮದಲ್ಲ ಅಂದುಕೊಳ್ಳುತ್ತಾರೆ. "ನನ್ನ ಕೊಂದು ಸರಿಸ್ರಿ," ಎಂದು ಬಾಲಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟ. ಅಮರಪ್ಪ ಸೈಕಲ್ಲು ತುಳಿದ.

ಮಾರೆವ್ವ ಕಚೇರಿಗೆ ಹೋದಳು. ಒಂದು ಸಲವಲ್ಲ, ಹನ್ನೊಂದು ಸಲ. ಕೊನೆಯ ಸಲ ಅಮರಪ್ಪನ ಮೇಜಿನ ಮುಂದೆ ನಿಂತು ಕೇಳಿದಳು.

"ಕರಿಬಸಪ್ಪನ ಗೋದಾಮು ಗಟಾರದ ಮ್ಯಾಲ ಐತಲ್ರೀ ಸಾಹೇಬ್ರ. ಆ ಗೋಡಿಗೆ ಗಾರಿ ಹೊತ್ತಾಕಿ ನಾನ. ಅದಕ್ಕ ಹೆಂಗ ಒಪ್ಪಿಗಿ ಕೊಟ್ರಿ?"

"ಅವರ ನಕಾಶ್ಯಾಗ ಐದು ಫೂಟ್ ಬಿಟ್ಟಾರ."

"ನಮ್ಮ ನಕಾಶ್ಯಾಗೂ ಬಿಟ್ಟೀವಲ್ರಿ."

"ನಿಮ್ಮ ಜಾಗಾ ನೋಡಿ ಬಂದೀನವಾ ನಾ."

"ಅವರ ಜಾಗಾ ನೋಡಲಿಲ್ರಿ?"

ಪಕ್ಕದ ಮೇಜಿನ ಗುಮಾಸ್ತ ಕೆಮ್ಮಿದ. ಅಮರಪ್ಪ ಮುಂದಿನ ಫೈಲು ಎಳೆದುಕೊಂಡ. ಅವನು ಕೆಟ್ಟವನೇನಲ್ಲ. ಮೂರು ಹೆಣ್ಣುಮಕ್ಕಳ ತಂದೆ, ಮೇಲಿನವರು ತೋರಿಸಿದ ಕಡೆ ನೋಡುವವನು, ತೋರಿಸದ ಕಡೆ ನೋಡದವನು. ಅಂಥವರಿಂದಲೇ ಕಚೇರಿಗಳು ನಡೆಯುತ್ತವೆ. "ನಿನಗ ಜಗಳಾ ಬೇಕೋ, ಮನಿ ಬೇಕೋ?" ಎಂದು ಕೇಳಿದ. "ಜಗಳಾ ಬೇಕಂದ್ರ ಕರಿಬಸಪ್ಪನ ಮ್ಯಾಲ ಅರ್ಜಿ ಬರಿ, ನಾನ ತಗೋತೀನಿ. ಮನಿ ಬೇಕಂದ್ರ ಚೌಕಟ್ಟ ಸರಿಸು. ಎರಡೂ ಆಗಂಗಿಲ್ಲ."

ಮೂರು ದಿನ ಮೆಟ್ಟಿಲ ಮೇಲೆ ಕೂತ ಹೆಂಗಸು ಈಗ ಅದೇ ಮೆಟ್ಟಿಲು ಇಳಿದು ಹೊರಟಳು. ಅವತ್ತು ಜೊತೆಗೆ ನೂರು ಜನ ಇದ್ದರು. ಈಗ ಆ ನೂರು ಜನ ತಂತಮ್ಮ ನಕಾಶೆ ಹಿಡಿದು ಒಬ್ಬೊಬ್ಬರಾಗಿ ಸಾಲಿನಲ್ಲಿ ನಿಂತಿದ್ದರು. ಜಾಗ ಸಿಕ್ಕ ಮೇಲೆ ಒಗ್ಗಟ್ಟು ಮುರಿದದ್ದು ಹೀಗೆ.

ಹೊರಗೆ ನಜೀರಸಾಬ ಕೇಳಿದ, "ಏನಂದ್ರು?"

"ನನ್ನ ಮನಿ ನನಗ ಬೇಕಣ್ಣಾ," ಅಂದಳು, ಅಷ್ಟೇ.

ಆಷಾಢದ ಒಂದು ಮಂಗಳವಾರ, ಬಾಲಪ್ಪ ಶ್ರೀರಾಮನಗರದ ಕೆಲಸಕ್ಕೆ ಹೋದ ಮೇಲೆ, ಮಾರೆವ್ವ ಹಾರೆ ಹಿಡಿದು ಜಾಗಕ್ಕೆ ಬಂದಳು. ಕಾಯಿ ತಂದಿರಲಿಲ್ಲ. ಕೈ ಮುಗಿಯಲೂ ಇಲ್ಲ. ಜೈನಾಬೀ ಓಡಿ ಬಂದು ರಟ್ಟೆ ಹಿಡಿದಳು. "ಬ್ಯಾಡಬೇ ಅಕ್ಕಾ. ಆಷಾಢ. ನಿನ್ನ ಗಂಡನ ಜೀವ..."

"ನನ್ನ ಗಂಡನ ಜೀವ ಅಕ್ಟೋಬರ್ ತನಕ ಇರತೈತಿ. ಆಮ್ಯಾಲ ಜಾಗಾ ಹೋತಂದ್ರ ಅಂವನ ಜೀವಾ ತಗೊಂಡ ನಾ ಎಲ್ಲಿಡ್ಲಿ? ಹಿಡಿ ಈ ಕಡಿ, ಇಲ್ಲಂದ್ರ ದೂರ ಸರಿ."

ಜೈನಾಬೀ ಹಿಡಿದಳು. ಹಾರೆ ಹಾಕಿ ಮೀಟಿದಾಗ ಹೊಸ್ತಿಲು ನೆಲ ಬಿಟ್ಟೇಳುವ ಸದ್ದು ಹಲ್ಲು ಕಿತ್ತಂತೆ ಕೇಳಿಸಿತು. ಕೆಳಗಿನ ನವಧಾನ್ಯ ಮೊಳೆತು ಬಿಳಿ ಬೇರು ಬಿಟ್ಟಿತ್ತು. ಮಾರೆವ್ವ ಅದನ್ನು ಕಾಲಿನಿಂದ ಮಣ್ಣಿಗೆ ಸೇರಿಸಿದಳು. ಇಬ್ಬರೂ ಚೌಕಟ್ಟನ್ನು ಎಳೆದು, ನಜೀರಸಾಬನ ಕಾಗದದ ಲೆಕ್ಕಕ್ಕೆ ತಂದು, ಕಲ್ಲು ಬಿಗಿದು ನಿಲ್ಲಿಸಿದರು. ಅಳತೆಗೆ ಟೇಪು ಇರಲಿಲ್ಲ. ಮಾರೆವ್ವ ಹೆಜ್ಜೆ ಹಾಕಿ ಅಳೆದಳು, ಅನುಮಾನಕ್ಕೆ ಎರಡು ಬೆರಳು ಹೆಚ್ಚಿಗೆ ಬಿಟ್ಟಳು.

ಸಂಜೆ ಬಾಲಪ್ಪ ಬಂದು ನೋಡಿದ. ಕೈ ಎತ್ತುತ್ತಾನೆಂದು ಮಾರೆವ್ವ ಕಾದಳು. ಎತ್ತಲಿಲ್ಲ. "ನನ್ನ ಹೆಣಕ್ಕ ಬಾಗಲಾ ಮಾಡೀದಿ," ಅಂದ. "ಇದನ್ನ ನಾ ದಾಟಂಗಿಲ್ಲ."

ಆಗಸ್ಟಿನಲ್ಲಿ ಒಪ್ಪಿಗೆ ಬಂತು. ನೀಲಿ ಕಾಗದದ ಮೂಲೆಗೆ ಕೆಂಪು ಮೊಹರು. ಬಾಲಪ್ಪ ಗಾರೆ ಮೆತ್ತುವ ಕರಣೆ ಮುಟ್ಟಲಿಲ್ಲ. ಊರಿಗೆಲ್ಲ ಗೋಡೆ ಕಟ್ಟಿದವನು ತನ್ನ ಮನೆಗೆ ಒಂದು ಇಟ್ಟಿಗೆ ಇಡಲಿಲ್ಲ. ಅವನಿಂದಲೇ ಕೆಲಸ ಕಲಿತ ಕನಕಪ್ಪನ ಕಾಲು ಹಿಡಿದು ಮಾರೆವ್ವ ಗೋಡೆ ಎಬ್ಬಿಸಿದಳು. ಹಗಲು ಬೇರೆಯವರ ಗಾರೆ, ಸಂಜೆಮುಂದೆ ತನ್ನ ಗಾರೆ. ಅಕ್ಟೋಬರ್ ಹೊತ್ತಿಗೆ ಗೋಡೆ ಎದೆಮಟ್ಟ ಬಂತು, ಜಾಗ ಉಳಿಯಿತು. ಮಾಳಿಗೆ ಮುಚ್ಚಲು ಇನ್ನೊಂದೂವರೆ ವರ್ಷ ಹಿಡಿಯಿತು.

ಅಷ್ಟೂ ದಿನ ಬಾಲಪ್ಪ ಇದ್ದದ್ದು ಮುಂದಿನ ಐದು ಫೂಟಿನಲ್ಲಿ. ಗಾಳಿಗೆ ಬಿಟ್ಟ ಜಾಗದಲ್ಲಿ ನಾಕು ಗೂಟ ನೆಟ್ಟು, ಎರಡು ತಗಡು ಹೊದಿಸಿ, ಮಲಗಲು ಹೊರಸು ಹಾಕಿಕೊಂಡ. ಮಾರೆವ್ವ ಒಳಗಿನಿಂದ ರೊಟ್ಟಿ ತಂದು ಕೊಡುತ್ತಿದ್ದಳು. ಅವನು ಹೊರಗೆ ತಿನ್ನುತ್ತಿದ್ದ. ಮಳೆ ಬಂದರೆ ಗೋಣಿಚೀಲ ಹೊದ್ದು ಕೂರುತ್ತಿದ್ದ. ಮೊದಮೊದಲು ಓಣಿಯವರು ಚೇಷ್ಟೆ ಮಾಡಿದರು. "ಗೌಂಡೇರ, ಒಳಗ ಹೆಂಡ್ತಿ ಬಾಡಿಗಿ ಕೇಳ್ತಾಳೇನ್ರಿ?" ಆಮೇಲೆ ಅವನಿಗೆ ಕೆಮ್ಮು ಹತ್ತಿತು. ಸಿಮೆಂಟಿನ ಧೂಳು ಕುಡಿದ ಎದೆ, ಎರಡು ಮಳೆಗಾಲದ ತಂಡಿಯನ್ನು ತಡೆಯಲಿಲ್ಲ. ಕಫದಲ್ಲಿ ರಕ್ತ ಬಂತು. ಚೇಷ್ಟೆ ನಿಂತಿತು.

ಎಂಬತ್ತರ ಡಿಸೆಂಬರಿನಲ್ಲಿ ಅಮರಪ್ಪ ಮತ್ತೆ ಬಂದ. ಮನೆ ನಕಾಶೆಯ ಪ್ರಕಾರ ಮುಗಿದಿದೆಯೆಂದು ಅವನು ಬರೆದುಕೊಟ್ಟರೆ ಮಾತ್ರ ಮನೆಗೆ ನಂಬರು, ನಂಬರಿದ್ದರೆ ಮಾತ್ರ ಮನೆ ಖಾಯಂ. ಕಿಟಕಿ ಎಣಿಸಿದ, ಹಿಂದೆ ಮೂರು ಫೂಟು ಅಳೆದ, ಬಾಜೂಕ್ಕೆ ಅಳೆದ. ಮುಂದೆ ಬಂದು ತಗಡಿನ ಕೆಳಗಿನ ಹೊರಸನ್ನೂ ಹೊರಸಿನ ಮೇಲಿನ ಮನುಷ್ಯನನ್ನೂ ನೋಡಿ ನಿಂತ.

"ಇದೇನವಾ? ಖಾಲಿ ಇರಬೇಕಾದ ಜಾಗಾ ಇದು."

"ನನ್ನ ಗಂಡ ರೀ."

"ಗೊತ್ತೈತಿ. ತಗಡಾ, ಗೂಟಾ, ಹೊರಸು, ಇವೆಲ್ಲಾ ಇಲ್ಲಿ ಇರಂಗಿಲ್ಲ. ಇದ್ರ ನಾ ಬರಿಯಾಕ ಬರಂಗಿಲ್ಲ. ಎಂಟು ದಿವಸ ಬಿಟ್ಟು ಬರತೀನಿ."

"ಎಂಟು ದಿವಸ ಯಾಕ್ರಿ," ಅಂದಳು ಮಾರೆವ್ವ. "ನಿಂದರ್ರಿ ಒಂದು ಗಳಿಗಿ."

ಅವಳು ಗಂಡನ ಹತ್ತಿರ ಹೋಗಿ ಬಗ್ಗಿದಳು. "ಕೇಳಿಸ್ತಿಲ್ಲೋ? ಒಳಗ ನಡಿ."

ಬಾಲಪ್ಪ ತಲೆ ಅಲ್ಲಾಡಿಸಿದ. ಮಾತಾಡಲು ಉಸಿರಿರಲಿಲ್ಲ.

"ಎರಡು ವರ್ಷ ಹೊರಗ ಬಿದ್ದು ನನಗ ಶಿಕ್ಷಾ ಕೊಟ್ಟಿ. ಉಂಡೀನಿ. ಇನ್ನ ಈ ಮನಿ ಕೊಡಂಗಿಲ್ಲ ನಾ. ನಿನಗೂ ಕೊಡಂಗಿಲ್ಲ." ತಿರುಗಿ ಕೂಗಿದಳು, "ಜೈನಾಬೀ, ಬಾ ಇಲ್ಲಿ. ಕಾಲ ಕಡಿ ಹಿಡಿ."

ಇಬ್ಬರು ಹೆಂಗಸರು ಹೊರಸನ್ನು ಎತ್ತಿದರು. ಬಾಲಪ್ಪ ಗೂಟವನ್ನು ಹಿಡಿದುಕೊಂಡ. ಮಾರೆವ್ವ ಒಂದೊಂದೇ ಬೆರಳು ಬಿಡಿಸಿದಳು. ಚೌಕಟ್ಟು ಹೊರಸಿಗಿಂತ ಅಗಲವಿರಲಿಲ್ಲ, ಓರೆ ಮಾಡಿ ಒಯ್ಯಬೇಕಾಯಿತು. ಅವನು ಜಾರಿ ಬೀಳದಂತೆ ಮಾರೆವ್ವ ಎದೆಗೆ ಅಡ್ಡ ಕೈ ಕೊಟ್ಟಿದ್ದಳು. ಹೊಸ್ತಿಲ ಮೇಲೆ ಬಂದಾಗ ಅವನು ಕಣ್ಣು ಮುಚ್ಚಿದ. ಓಣಿಯ ಜನ ಬಾಗಿಲಲ್ಲಿ ನಿಂತು ನೋಡಿದರು. ಯಾರೂ ಕೈ ಹಚ್ಚಲಿಲ್ಲ.

ಮಾರೆವ್ವ ಹೊರಗೆ ಬಂದು ತಗಡು ಕಿತ್ತಳು, ಗೂಟ ಕಿತ್ತಳು, ಕಸಬರಿಗೆ ತಂದು ಗುಡಿಸಿದಳು. ಅಮರಪ್ಪ ಟೇಪು ಹಾಕಿದ. ಕಾಗದದ ಮೇಲೆ ಏನೋ ಬರೆದ. ಹೋಗುವಾಗ ಒಳಗೆ ಇಣುಕಲಿಲ್ಲ.

ಒಂಬತ್ತನೆಯ ದಿನ ಬಾಲಪ್ಪ ಹೋದ. ಆ ಒಂಬತ್ತು ದಿನದಲ್ಲಿ ಅವನು ಹೆಂಡತಿಯ ಕಡೆ ಮುಖ ಮಾಡಲಿಲ್ಲ, ಗೋಡೆಯ ಕಡೆ ತಿರುಗಿಯೇ ಇದ್ದ. ಹೆಣ ಹೊರಡುವಾಗ ಓಣಿಯವರು ಹೊಸ್ತಿಲು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೇಳಿದ ಹಾಗೇ ಆಯಿತು ಅಂದರು. ಧೂಳಿನ ಮಾತು, ತಂಡಿಯ ಮಾತು ಯಾರೂ ಎತ್ತಲಿಲ್ಲ. ವರ್ಷದೊಳಗೆ ಅಂದದ್ದು ಎರಡೂವರೆ ವರ್ಷವಾಗಿತ್ತು, ಅದನ್ನೂ ಯಾರೂ ಎಣಿಸಲಿಲ್ಲ.

ಮಣ್ಣು ಮುಗಿದ ಮೇಲೆ ಹಂಪವ್ವ ಬಂದಳು. ಅವಳ ಗಂಡನ ಮನೆಯವರಿಗೆ ಹೊಸ್ತಿಲು ಕಿತ್ತ ಸುದ್ದಿ ಮೊದಲೇ ಮುಟ್ಟಿತ್ತು. ಮಾರೆವ್ವ ಬಾಗಿಲಲ್ಲಿ ನಿಂತು, "ಬಾ" ಅಂದಳು. ಹಂಪವ್ವ ಮುಂದಿನ ಬಯಲಿನಲ್ಲೇ ನಿಂತಳು. ಕಂಕುಳಲ್ಲಿ ಕೂಸಿತ್ತು.

"ಯವ್ವಾ, ಈ ಮನಿ ಮಾರಿಬಿಡು. ನನ್ನ ಸಂಗಾಟ ಬಾ. ಅಪ್ಪನ್ನ ನುಂಗಿದ ಮನಿ ಇದು. ಕೂಸಿನ್ನ ತಗೊಂಡು ಒಳಗ ಹೋಗಬ್ಯಾಡಂತ ಅತ್ತಿ ಹೇಳ್ಯಾಳ."

ಮಾರೆವ್ವ ಮಗಳನ್ನು ನೋಡಿದಳು, ಕೂಸನ್ನು ನೋಡಿದಳು. ಈ ಮನೆಯ ಆಸೆ ಹುಟ್ಟಿದ್ದೇ ಈ ಮಗಳ ಹಂದರದ ದಿನ ಎಂಬುದನ್ನು ಅವಳು ಹೇಳಲಿಲ್ಲ.

"ಮಾರಂಗಿಲ್ಲ," ಅಂದಳು. "ಬರೋದಿದ್ರ ಒಳಗ ಬಾ, ರೊಟ್ಟಿ ಅದಾವ. ಇಲ್ಲಂದ್ರ ಕುಷ್ಟಗಿ ಬಸ್ಸು ನಾಕಕ್ಕ ಐತಿ."

ಹಂಪವ್ವ ಕೂಸಿನ ತಲೆಗೆ ಸೆರಗು ಮುಚ್ಚಿ ಬಸ್ಸಿನ ಕಡೆ ನಡೆದಳು. ಮಾರೆವ್ವ ಅವಳು ತಿರುವಿನಲ್ಲಿ ಮರೆಯಾಗುವ ತನಕ ನೋಡಿ, ಒಳಗೆ ಹೋಗಿ ಒಲೆಗೆ ಕಟ್ಟಿಗೆ ಒಟ್ಟಿದಳು.